‘ಆತ್ಮಹತ್ಯೆ’ ಎಂದು ಬರೆಯುವ ಮೊದಲು

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಕಾನೂನು ವಿದ್ಯಾರ್ಥಿಗಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿದ್ದೀರಿ. ಹಿಂದಿನ ಸಾಲಿನಲ್ಲಿ ಪೊಲೀಸ್ ಇಲಾಖೆಯವರೂ ಕುಳಿತಿದ್ದಾರೆ. ಅವರು ಬಂದದ್ದು ನನಗೆ ಸಂತೋಷ. ಇವತ್ತಿನ ಮಾತಿನಲ್ಲಿ ಠಾಣೆಯ ಹೆಸರು ಮತ್ತೆ ಮತ್ತೆ ಬರುತ್ತದೆ.

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಕಾಲಂ ಅಗಲದ, ನಾಲ್ಕು ಸಾಲಿನ ಸುದ್ದಿಗಳನ್ನು ನೀವೆಲ್ಲ ಓದಿದ್ದೀರಿ. ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ನೇಣಿಗೆ ಶರಣು.’ ‘ಜೀವನದಲ್ಲಿ ಜಿಗುಪ್ಸೆಗೊಂಡು ಯುವತಿ ಬಾವಿಗೆ ಹಾರಿ ಆತ್ಮಹತ್ಯೆ.’ ವಯಸ್ಸು ಇಪ್ಪತ್ತೆರಡೋ, ಇಪ್ಪತ್ತನಾಲ್ಕೋ. ಸಾವು ನಡೆದದ್ದು ಹಿಂದಿನ ದಿನ, ಕಾರಣ ಆಗಲೇ ಗೊತ್ತಾಗಿದೆ. ಮರಣೋತ್ತರ ಪರೀಕ್ಷೆಯ ವರದಿ ಇನ್ನೂ ವೈದ್ಯರ ಮೇಜಿನ ಮೇಲೂ ಬಂದಿಲ್ಲ, ಒಳಾಂಗಗಳ ಮಾದರಿ ಪ್ರಯೋಗಾಲಯಕ್ಕೆ ಹೊರಟಿಲ್ಲ, ಆದರೂ ಆಕೆ ಏಕೆ ಸತ್ತಳು, ಹೇಗೆ ಸತ್ತಳು ಎಂಬುದು ಅಚ್ಚಾಗಿ ಮನೆಮನೆಗೆ ಹೋಗಿದೆ. ಆ ಸಾಲು ಬರುವುದು ಠಾಣೆಗೆ ಕೊಟ್ಟ ದೂರಿನಿಂದ. ದೂರು ಕೊಟ್ಟವರು ಮನೆಯವರು. ಎಂದರೆ ಸಾವು ನಡೆದ ಹೊತ್ತಿನಲ್ಲಿ ಆ ಮನೆಯೊಳಗೆ ಇದ್ದವರೇ ಸಾವಿನ ಕಾರಣವನ್ನೂ ಬರೆಸಿದ್ದಾರೆ.

ಹೊಟ್ಟೆನೋವು ಸಾಯುವಷ್ಟು ಇದ್ದರೆ ಅದಕ್ಕೊಂದು ಆಸ್ಪತ್ರೆಯ ಚೀಟಿ ಇರುತ್ತದೆ, ಮಾತ್ರೆಯ ಖಾಲಿ ಹಾಳೆ ಇರುತ್ತದೆ, ಸ್ಕ್ಯಾನಿಂಗ್ ಮಾಡಿಸಿದ ರಸೀದಿ ಇರುತ್ತದೆ. ‘ಬಹಳ ನೋವು ಅಂತಿದ್ದಳು’ ಎನ್ನುವ ಅಕ್ಕನೋ ಅಮ್ಮನೋ ಇರುತ್ತಾರೆ. ಶವಪರೀಕ್ಷೆ ಮಾಡುವ ವೈದ್ಯರು ಹೇಗಿದ್ದರೂ ಹೊಟ್ಟೆಯನ್ನು ತೆರೆದು ನೋಡುತ್ತಾರೆ. ಅಲ್ಲಿ ರೋಗದ ಗುರುತು ಇತ್ತೋ ಇಲ್ಲವೋ ಎಂದು ಒಂದು ಪ್ರಶ್ನೆ ಕಳುಹಿಸಿದರೆ ಉತ್ತರ ಬರುತ್ತದೆ. ವಕೀಲಳಾಗಿ ನಾನು ಓದಿರುವ ಇಂಥ ಕಡತಗಳಲ್ಲಿ ಆ ಪ್ರಶ್ನೆಯನ್ನು ಕೇಳಿದ್ದು ಬಹಳ ಅಪರೂಪ.

ಇವೆಲ್ಲ ಕೊಲೆಗಳು ಎಂದು ಹೇಳುವುದಕ್ಕೆ ನಾನು ಬಂದಿಲ್ಲ. ನನ್ನ ತಕರಾರು ಬೇರೆ. ಆತ್ಮಹತ್ಯೆ ಎನ್ನುವುದು ತನಿಖೆಯ ಕೊನೆಗೆ ಸಿಗಬೇಕಾದ ಉತ್ತರ. ನಾವು ಅದನ್ನು ತನಿಖೆಯ ಮೊದಲ ಸಾಲಾಗಿ ಬರೆಯುತ್ತಿದ್ದೇವೆ. ಮೊದಲ ಸಾಲು ಹಾಗೆ ಬಿದ್ದ ಮೇಲೆ ಉಳಿದ ಕಡತವೆಲ್ಲ ಅದಕ್ಕೆ ಹೊಂದಿಕೊಂಡು ಬೆಳೆಯುತ್ತದೆ.

ಮಹಾರಾಷ್ಟ್ರದ ಒಂದು ಪ್ರಕರಣ ಹೇಳುತ್ತೇನೆ. ‘ತ್ರಿಮುಖ ಮಾರೋತಿ ಕಿರ್ಕನ್’ ಎಂಬ ಹೆಸರಿನಲ್ಲಿ ಅದರ ತೀರ್ಪು 2006ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. ಸೊಸೆ ಹಾವು ಕಚ್ಚಿ ಸತ್ತಳು ಎಂದು ಗಂಡನ ಮನೆಯವರು ತವರಿಗೆ ಹೇಳಿ ಕಳುಹಿಸಿದರು. ಶವಪರೀಕ್ಷೆಯಲ್ಲಿ ಹಾವಿನ ಕಡಿತ ಸಿಗಲಿಲ್ಲ, ಕತ್ತು ಹಿಸುಕಿದ ಗುರುತು ಸಿಕ್ಕಿತು. ಆ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ ಮಾತನ್ನು ನಮ್ಮ ವಕೀಲರು ಇವತ್ತಿಗೂ ಆಧಾರವಾಗಿ ಹಿಡಿಯುತ್ತಾರೆ: ಮನೆಯ ನಾಲ್ಕು ಗೋಡೆಗಳ ಒಳಗೆ ಗುಟ್ಟಾಗಿ ನಡೆದ ಅಪರಾಧಕ್ಕೆ ಹೊರಗಿನ ಸಾಕ್ಷಿ ಸಿಗುವುದು ಕಷ್ಟ, ಆದ್ದರಿಂದ ಆ ಮನೆಯಲ್ಲಿದ್ದವರು ಆಕೆ ಹೇಗೆ ಸತ್ತಳೆಂದು ಒಪ್ಪುವಂಥ ವಿವರಣೆ ಕೊಡಬೇಕು, ಬಾಯಿ ಮುಚ್ಚಿ ಕುಳಿತು ಪಾರಾಗುವಂತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 106ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಂ ಇದಕ್ಕೆ ಆಧಾರ. ಆದರೆ ಈ ಕಲಂ ಕೆಲಸಕ್ಕೆ ಬರುವುದು ವಿಚಾರಣೆ ನ್ಯಾಯಾಲಯದವರೆಗೆ ಬಂದರೆ ಮಾತ್ರ. ‘ಯುಡಿಆರ್’ ಆಗಿ ಮುಗಿದ ಸಾವಿಗೆ ಅದು ತಲುಪುವುದೇ ಇಲ್ಲ.

ಯುಡಿಆರ್ ಅಂದರೆ ಅಸಹಜ ಸಾವಿನ ವರದಿ. ಠಾಣೆಯಲ್ಲಿ ಅದಕ್ಕೆ ಬೇರೆಯೇ ಸಂಖ್ಯೆ, ಬೇರೆಯೇ ಪುಸ್ತಕ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂನಲ್ಲಿ ಆಗುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂನಲ್ಲಿ ಆಗುತ್ತದೆ. ಇದು ಎಫ್‌ಐಆರ್ ಅಲ್ಲ. ಎಫ್‌ಐಆರ್ ಆದ ಪ್ರಕರಣದಲ್ಲಿ ಪೊಲೀಸರು ಅಪರಾಧ ನಡೆದಿಲ್ಲವೆಂದು ‘ಬಿ’ ವರದಿ ಹಾಕಿದರೆ ಅದು ನ್ಯಾಯಾಂಗ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ, ದೂರುದಾರರಿಗೆ ನೋಟಿಸ್ ಬರುತ್ತದೆ, ಅವರು ತಕರಾರು ಅರ್ಜಿ ಸಲ್ಲಿಸಬಹುದು. ಯುಡಿಆರ್ ಮುಗಿಯುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ. ಅಲ್ಲಿ ಕಡತ ಮುಗಿದದ್ದು ಸತ್ತವಳ ತಂದೆತಾಯಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ವರ್ಷವಾದ ಮೇಲೆ ‘ಕೇಸು ಎಲ್ಲಿಗೆ ಬಂತು ಸಾರ್’ ಎಂದು ಠಾಣೆಗೆ ಹೋದ ಅಪ್ಪನಿಗೆ ‘ಅದು ಆಗಲೇ ಕ್ಲೋಸ್ ಆಯಿತಲ್ಲ’ ಎಂಬ ಉತ್ತರ ಸಿಗುತ್ತದೆ.

ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಏರ್ಪಾಡು ಇದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು 176ನೇ ಕಲಂ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವನ್ನೂ ಕೊಟ್ಟಿದೆ. ಈಗ ಯೋಚಿಸಿ. ಯುಡಿಆರ್‌ನಲ್ಲಿ ‘ಅಪರಾಧ’ವೇ ಇಲ್ಲ. ಅಪರಾಧದ ಮಾಹಿತಿ ಬಂದಿಲ್ಲವೆಂದರೆ ತಜ್ಞರು ಬರಲೇಬೇಕೆಂಬ ನಿಯಮವೂ ಅನ್ವಯಿಸುವುದಿಲ್ಲ. ಕೊಲೆಯೋ ಆತ್ಮಹತ್ಯೆಯೋ ಎಂದು ತಿಳಿಯಲು ತಜ್ಞರು ಬೇಕು, ತಜ್ಞರು ಬರಬೇಕಾದರೆ ಅದು ಕೊಲೆಯಿರಬಹುದೆಂದು ಮೊದಲೇ ದಾಖಲಾಗಬೇಕು. ಈ ಸುಳಿಯೊಳಗೆ ಎಷ್ಟು ಹೆಣ್ಣುಮಕ್ಕಳ ಸಾವು ಸಿಕ್ಕಿಕೊಂಡಿದೆಯೋ!

ಸ್ಥಳದಲ್ಲಿ ಏನಾಗುತ್ತದೆ ನೋಡೋಣ. ಪೊಲೀಸರು ಬರುವ ಹೊತ್ತಿಗೆ ಶವವನ್ನು ಕೆಳಗಿಳಿಸಿ ಹಾಸಿಗೆಯ ಮೇಲೆ ಮಲಗಿಸಿರುತ್ತಾರೆ. ಜೀವ ಇರಬಹುದೆಂದು ಇಳಿಸುವುದು ಸಹಜ, ಅದರಲ್ಲಿ ತಪ್ಪಿಲ್ಲ. ಆದರೆ ಯಾರು ಇಳಿಸಿದರು, ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತೇ, ಹಾಕಿದ್ದರೆ ಒಡೆದದ್ದು ಯಾರು, ಚಿಲಕದ ಮೊಳೆ ಕಿತ್ತು ಬಂದಿದೆಯೇ, ಚೌಕಟ್ಟಿನ ಮರ ಸೀಳಿದೆಯೇ? ಫ್ಯಾನಿನ ರೆಕ್ಕೆಯ ಮೇಲೆ ಕೂತ ಧೂಳು ಕದಡಿದೆಯೇ? ನೆಲದಿಂದ ಕೊಕ್ಕೆಯವರೆಗೆ ಎಷ್ಟು ಅಡಿ, ಆಕೆಯ ಎತ್ತರ ಎಷ್ಟು, ಹತ್ತಲು ಬಳಸಿದ ಸ್ಟೂಲು ಎಲ್ಲಿ ಬಿದ್ದಿತ್ತು? ಕೊರಳಿನ ವೇಲನ್ನು ಬಿಚ್ಚುವಾಗ ಗಂಟನ್ನು ಹಾಗೆಯೇ ಉಳಿಸಿಕೊಂಡು ಬೇರೆ ಕಡೆ ಕತ್ತರಿಸಬೇಕು. ಅದು ಜಾರುಗಂಟೋ ಬಿಗಿಗಂಟೋ, ಕತ್ತಿನ ಯಾವ ಬದಿಗಿತ್ತು ಎಂಬುದೆಲ್ಲ ಆ ಗಂಟಿನಿಂದಲೇ ತಿಳಿಯಬೇಕು. ನಾನು ನೋಡಿದ ಒಂದು ಮಹಜರಿನಲ್ಲಿ, ಎಂದರೆ ಪಂಚರೆಂಬ ಸಾಕ್ಷಿಗಳ ಮುಂದೆ ಬರೆದ ಸ್ಥಳದ ವರದಿಯಲ್ಲಿ, ಇದೆಲ್ಲದರ ಜಾಗದಲ್ಲಿ ಇದ್ದದ್ದು ಇಷ್ಟು: ‘ಮೃತಳು ವೇಲ್‌ನಿಂದ ಫ್ಯಾನಿಗೆ ನೇಣು ಹಾಕಿಕೊಂಡಿರುವುದು ಕಂಡುಬಂದಿರುತ್ತದೆ.’ ಯಾರಿಗೆ ಕಂಡುಬಂತು? ಪಂಚರು ಬಂದಾಗ ಶವ ಮಂಚದ ಮೇಲಿತ್ತು, ವೇಲನ್ನು ಮಡಚಿ ಕಪಾಟಿನಲ್ಲಿ ಇಟ್ಟಿದ್ದರು.

ವೈದ್ಯಶಾಸ್ತ್ರದ ಒಂದೆರಡು ವಿಷಯಗಳನ್ನು ನೀವು ತಿಳಿದಿರಬೇಕು, ಏಕೆಂದರೆ ಇವುಗಳ ಸುತ್ತಲೇ ಹೆಚ್ಚು ಗೊಂದಲ. ನೇಣಿನಲ್ಲಿ ಕೊರಳ ಗುರುತು ಸಾಮಾನ್ಯವಾಗಿ ಗಂಟಲಿನ ಮೇಲ್ಭಾಗದಲ್ಲಿ, ಓರೆಯಾಗಿ, ಗಂಟಿನ ಕಡೆಗೆ ಏರುತ್ತ ಹೋಗುತ್ತದೆ ಮತ್ತು ಪೂರ್ತಿ ಸುತ್ತಿರುವುದಿಲ್ಲ. ಹಗ್ಗ ಹಾಕಿ ಬಿಗಿದು ಕೊಂದಿದ್ದರೆ ಗುರುತು ಕೆಳಗೆ, ಅಡ್ಡಡ್ಡಲಾಗಿ, ಹೆಚ್ಚಾಗಿ ಕುತ್ತಿಗೆಯ ಸುತ್ತಲೂ ಇರುತ್ತದೆ. ‘ಸಾಮಾನ್ಯವಾಗಿ’ ಎಂಬ ಮಾತನ್ನು ಬಿಡಬೇಡಿ, ಎರಡಕ್ಕೂ ಅಪವಾದಗಳಿವೆ. ಇನ್ನೊಂದು, ಗಂಟಲಿನಲ್ಲಿರುವ ಹಯಾಯ್ಡ್ ಎಂಬ ಪುಟ್ಟ ಮೂಳೆ. ‘ಹಯಾಯ್ಡ್ ಮೂಳೆ ಮುರಿದಿಲ್ಲ, ಆದ್ದರಿಂದ ಯಾರೂ ಹಿಸುಕಿಲ್ಲ’ ಎಂಬ ವಾದ ನ್ಯಾಯಾಲಯಗಳಲ್ಲಿ ಕೇಳಿಬರುತ್ತದೆ. ಎಳೆಯ ವಯಸ್ಸಿನಲ್ಲಿ ಆ ಮೂಳೆ ಇನ್ನೂ ಬಾಗುವಂತಿರುತ್ತದೆ, ವಯಸ್ಸಾದಂತೆ ಗಡುಸಾಗಿ ಮುರಿಯುವಂತಾಗುತ್ತದೆ. ಇಪ್ಪತ್ತರ ಹುಡುಗಿಯ ಹಯಾಯ್ಡ್ ಮುರಿದಿಲ್ಲ ಎಂಬುದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಹಾಗೆಯೇ ‘ಕಾಲು ನೆಲಕ್ಕೆ ತಾಗಿತ್ತು, ಹಾಗಾಗಿ ಇದು ಕೊಲೆ’ ಎಂದು ಊರಿನವರು ಹೇಳುವುದೂ ಸರಿಯಲ್ಲ. ಕಾಲು ನೆಲಕ್ಕೆ ತಾಗಿದ್ದರೂ ನೇಣಿನಿಂದ ಸಾವು ಬರುತ್ತದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಕಾಲಿನ ಒಂದು ಫೋಟೊ ಹಿಡಿದುಕೊಂಡು ಹೋರಾಟಕ್ಕಿಳಿದವರು ವಿಚಾರಣೆಯಲ್ಲಿ ವೈದ್ಯರ ಒಂದೇ ಉತ್ತರಕ್ಕೆ ಸೋತುಹೋಗುತ್ತಾರೆ. ಅದರ ಬದಲು ಕೈಗಳ ಮೇಲೆ, ತೋಳಿನ ಒಳಭಾಗದಲ್ಲಿ ಕಂದಿದ ಗುರುತುಗಳಿದ್ದವೇ, ಉಗುರಿನ ಮಾದರಿ ತೆಗೆದರೇ ಎಂದು ಕೇಳಿ. ಸುಟ್ಟ ಶವವಾದರೆ ಶ್ವಾಸನಾಳದಲ್ಲಿ ಮಸಿ ಇತ್ತೇ ಎಂದು ಕೇಳಿ. ಬೆಂಕಿ ಹತ್ತಿದಾಗ ಉಸಿರಾಡುತ್ತಿದ್ದವಳ ಶ್ವಾಸನಾಳದಲ್ಲಿ ಮಸಿ ಸಿಗುತ್ತದೆ.

ಬೆಂಕಿಯ ಮಾತು ಬಂದದ್ದರಿಂದ ನಮ್ಮ ರಾಜ್ಯದ್ದೇ ಒಂದು ಇತಿಹಾಸವನ್ನು ನೆನಪಿಸಬೇಕು. 1990ರ ದಶಕದಲ್ಲಿ ಬೆಂಗಳೂರಿನ ‘ವಿಮೋಚನಾ’ ಸಂಘಟನೆಯ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ, ‘ಸ್ಟೌ ಸಿಡಿದು’ ಸತ್ತವರೆಂದು ದಾಖಲಾದ ಹೆಂಗಸರ ಹಿಂದಿನ ಕಥೆಗಳನ್ನು ಬೆನ್ನು ಹತ್ತಿದರು. ಸ್ಟೌ ಸಿಡಿಯುವುದು ಎಳೆಯ ಸೊಸೆ ಅಡುಗೆ ಮಾಡುವಾಗಲೇ ಏಕೆ, ಅತ್ತೆಯೋ ಗಂಡನೋ ಹಚ್ಚಿದಾಗ ಏಕೆ ಸಿಡಿಯುವುದಿಲ್ಲ ಎಂದು ಅಂದಿನ ಮಹಿಳಾ ಚಳವಳಿ ಬೀದಿಯಲ್ಲಿ ನಿಂತು ಕೇಳಿತು. ಇಂಥದೊಂದು ಪ್ರಶ್ನೆಗೆ ಸಮಾಜ ಅಷ್ಟು ವರ್ಷ ತೆಗೆದುಕೊಂಡಿತಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಈಗ ಮನೆಗಳಿಂದ ಸೀಮೆಎಣ್ಣೆ ಸ್ಟೌ ಹೋಗಿದೆ. ನನ್ನ ಮುಂದೆ ಬರುವ ಕಡತಗಳಲ್ಲಿ ಹೆಚ್ಚಿನವು ಫ್ಯಾನು ಮತ್ತು ವೇಲಿನವು.

ಸಂಖ್ಯೆಗಳನ್ನು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ಮಹಿಳೆಯರು 45,026. ಅವರಲ್ಲಿ 23,178 ಮಂದಿ ಗೃಹಿಣಿಯರು. ಅದೇ ವರ್ಷ ವರದಕ್ಷಿಣೆ ಸಾವೆಂದು ದಾಖಲಾದದ್ದು ಆರೂವರೆ ಸಾವಿರಕ್ಕೂ ಹೆಚ್ಚು. ಒಂದು ಸಾವು ಯಾವ ಕಲಂಗೆ ಹೋಗಬೇಕೆಂದು ತೀರ್ಮಾನವಾಗುವುದು ದೆಹಲಿಯಲ್ಲಲ್ಲ, ನಿಮ್ಮೂರಿನ ಠಾಣೆಯಲ್ಲಿ, ಆ ಮೊದಲ ದೂರು ಬರೆಯುವ ಮೇಜಿನ ಬಳಿ. ಮೇಜಿನ ಆ ಕಡೆ ಒಬ್ಬ ಬರಹಗಾರ ಕಾನ್‌ಸ್ಟೆಬಲ್, ಈ ಕಡೆ ಅತ್ತೆಮನೆಯ ಹಿರಿಯರು. ತವರಿನವರು ಇನ್ನೂ ಬಸ್ಸಿನಲ್ಲಿರುತ್ತಾರೆ.

ಕೇರಳದ ಸಿಸ್ಟರ್ ಅಭಯಾ ಪ್ರಕರಣ ನಿಮಗೆ ಗೊತ್ತಿರಬಹುದು. 1992ರ ಮಾರ್ಚಿನಲ್ಲಿ ಕೋಟ್ಟಯಂನ ಕಾನ್ವೆಂಟಿನ ಬಾವಿಯಲ್ಲಿ ಆ ಯುವ ಸನ್ಯಾಸಿನಿಯ ಶವ ಸಿಕ್ಕಿತು. ಅಡುಗೆಮನೆಯಲ್ಲಿ ನೀರಿನ ಬಾಟಲಿ ಬಿದ್ದಿತ್ತು, ಚಪ್ಪಲಿ ಅಲ್ಲೇ ಉಳಿದಿತ್ತು, ತಲೆವಸ್ತ್ರ ಬಾಗಿಲ ಬಳಿ ಇತ್ತು. ಬಾವಿಗೆ ಹಾರಿಕೊಳ್ಳಲು ಹೊರಟವಳು ಫ್ರಿಜ್ಜಿನಿಂದ ನೀರು ತೆಗೆದುಕೊಳ್ಳುತ್ತ ಒಂದು ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಓಡುತ್ತಾಳೆಯೇ? ಸ್ಥಳೀಯ ಪೊಲೀಸರು ಆತ್ಮಹತ್ಯೆ ಎಂದರು. ಅಪರಾಧ ವಿಭಾಗವೂ ಹಾಗೆಯೇ ಹೇಳಿತು. ಸಾರ್ವಜನಿಕರು ಬಿಡಲಿಲ್ಲ. 1993ರಲ್ಲಿ ತನಿಖೆ ಸಿಬಿಐಗೆ ಹೋಯಿತು. ಅಲ್ಲಿಯೂ ಕೊಲೆ ಹೌದು, ಮಾಡಿದವರು ಗೊತ್ತಾಗುತ್ತಿಲ್ಲ ಎಂಬ ಮಾತು ಬಂತು, ನ್ಯಾಯಾಲಯ ಅದನ್ನು ಒಪ್ಪಲಿಲ್ಲ. 2008ರಲ್ಲಿ ಬಂಧನಗಳಾದವು, 2020ರ ಡಿಸೆಂಬರಿನಲ್ಲಿ ವಿಶೇಷ ನ್ಯಾಯಾಲಯ ಇಬ್ಬರಿಗೆ ಶಿಕ್ಷೆ ವಿಧಿಸಿತು. 2022ರಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಆ ರಾತ್ರಿ ಮಿಂಚುಬಂಧಕದ ತಾಮ್ರ ಕದಿಯಲು ಬಂದಿದ್ದ ಒಬ್ಬ ಕಳ್ಳ ಈ ಪ್ರಕರಣದ ಮುಖ್ಯ ಸಾಕ್ಷಿ. ಅವನಿಗೆ ಆಸೆ ತೋರಿಸಿದರೂ ಮಾತು ಬದಲಿಸಲಿಲ್ಲ. ನಾನು ಇದನ್ನು ಹೇಳುತ್ತಿರುವುದು ಅಪರಾಧಿಗಳು ಯಾರೆಂದು ತೀರ್ಪು ಕೊಡಲು ಅಲ್ಲ, ಅದು ಮೇಲಿನ ನ್ಯಾಯಾಲಯದ ಕೆಲಸ. ಮೊದಲ ದಿನ ಆ ಅಡುಗೆಮನೆಯನ್ನು ಗಮನವಿಟ್ಟು ನೋಡಿದ್ದರೆ ಇಪ್ಪತ್ತೆಂಟು ವರ್ಷ ಹಿಡಿಯುತ್ತಿರಲಿಲ್ಲ. ಮಗಳಿಗಾಗಿ ಕಾದ ತಂದೆತಾಯಿ ಇಬ್ಬರೂ ತೀರ್ಪು ಬರುವುದರೊಳಗೆ ತೀರಿಕೊಂಡರು.

ಇನ್ನು ಕಾನೂನಿನ ಒಂದು ದೊಡ್ಡ ಕೊರತೆಗೆ ಬರುತ್ತೇನೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯ ಬರುವಂತೆ ಸತ್ತರೆ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಲೇಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬಂದು ಶವ ಪಂಚನಾಮೆ ನಡೆಸುತ್ತಾರೆ. ಆ ಏಳು ವರ್ಷದೊಳಗೆ ಆಕೆಯ ಸಂಬಂಧಿಕರು ಕೋರಿದರೆ ಶವಪರೀಕ್ಷೆಗೆ ಕಳುಹಿಸಲೇಬೇಕು. 1980ರ ದಶಕದ ಹೋರಾಟದಿಂದ ಗಿಟ್ಟಿದ ರಕ್ಷಣೆ ಇದು, ನಾನು ಅದನ್ನು ಗೌರವಿಸುತ್ತೇನೆ. ಆದರೆ ಎಂಟನೇ ವರ್ಷದಲ್ಲಿ ಸತ್ತವಳಿಗೆ? ಹಾಸ್ಟೆಲಿನಲ್ಲಿ ಸತ್ತ ನರ್ಸಿಂಗ್ ವಿದ್ಯಾರ್ಥಿನಿಗೆ, ಪಿ.ಜಿ.ಯಲ್ಲಿ ಇದ್ದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಹುಡುಗಿಗೆ? ಅವರಿಗೆ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯವಲ್ಲ. ಹೆಣ್ಣಿನ ಜೀವ ಅನುಮಾನಕ್ಕೆ ಅರ್ಹವಾಗಲು ಆಕೆ ಯಾರದೋ ಹೆಂಡತಿಯಾಗಿರಬೇಕು ಎಂಬಂತೆ ಕಾನೂನು ಬರೆದಿಟ್ಟಿದ್ದೇವೆ.

ಇನ್ನೂ ಕಹಿಯಾದದ್ದು ತವರಿನವರೇ ಕೊಂದ ಸಾವುಗಳು. ಬೇರೆ ಜಾತಿಯ ಹುಡುಗನನ್ನು ಪ್ರೀತಿಸಿದಳೆಂದು ಹೆತ್ತವರೇ ಮಗಳ ಜೀವ ತೆಗೆದು, ಆತ್ಮಹತ್ಯೆ ಎಂದು ಹೇಳಿ, ಬೆಳಗಾಗುವುದರೊಳಗೆ ಸುಟ್ಟುಬಿಡುವುದು ನಮ್ಮ ರಾಜ್ಯದಲ್ಲೂ ನಡೆದಿದೆ. ಅಂಥ ಮನೆಯಲ್ಲಿ ‘ನನ್ನ ಮಗಳ ಸಾವಿನಲ್ಲಿ ಅನುಮಾನವಿದೆ’ ಎಂದು ಬರೆದುಕೊಡಲು ಯಾರೂ ಇರುವುದಿಲ್ಲ. ಆಗ ಕೇಳಬೇಕಾದವರು ನೆರೆಮನೆಯವರು, ಗೆಳತಿಯರು, ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯೆಯರು, ಎಂದರೆ ನೀವು.

ಆತ್ಮಹತ್ಯೆಯೇ ಆಗಿದ್ದರೂ ಪ್ರಶ್ನೆ ನಿಲ್ಲುವುದಿಲ್ಲ. ಪಾಲಕ್ಕಾಡ್ ಜಿಲ್ಲೆಯ ವಾಳಯಾರ್‌ನಲ್ಲಿ 2017ರ ಜನವರಿಯಲ್ಲಿ ಹದಿಮೂರು ವರ್ಷದ ಹುಡುಗಿ ನೇಣಿನಲ್ಲಿ ಸಿಕ್ಕಳು. ಶವಪರೀಕ್ಷೆಯಲ್ಲಿ ಲೈಂಗಿಕ ದೌರ್ಜನ್ಯದ ಸೂಚನೆ ಇತ್ತು. ಯಾರೂ ಅದರ ಹಿಂದೆ ಹೋಗಲಿಲ್ಲ. ಮಾರ್ಚಿನಲ್ಲಿ ಅದೇ ಮನೆಯಲ್ಲಿ ಒಂಬತ್ತು ವರ್ಷದ ತಂಗಿಯೂ ಅದೇ ರೀತಿ ಸತ್ತಳು. ಸಿಬಿಐ ಕೂಡ ಕೊನೆಗೆ ಇವು ಆತ್ಮಹತ್ಯೆಗಳೇ ಎಂದಿತು, ಆದರೆ ದೌರ್ಜನ್ಯದ ಆರೋಪಿಗಳ ಮೇಲೆ ಆತ್ಮಹತ್ಯೆಗೆ ಪ್ರಚೋದನೆಯ ಆರೋಪವನ್ನೂ ಹೊರಿಸಿತು. ಆ ತೀರ್ಮಾನವನ್ನು ಒಪ್ಪದವರು ಇದ್ದಾರೆ. ಒಪ್ಪಿದರೂ ಸರಿ, ಮೊದಲ ಸಾವಿನ ವರದಿಯನ್ನು ಓದಿ ಒಬ್ಬ ಅಧಿಕಾರಿ ಆ ಮನೆಯ ಬಾಗಿಲು ತಟ್ಟಿದ್ದರೆ ಎರಡನೇ ಮಗು ಉಳಿಯುತ್ತಿತ್ತು ಎಂದು ನಾನು ನಂಬುತ್ತೇನೆ.

ಕಾನೂನು ವಿದ್ಯಾರ್ಥಿಗಳಿಗೆ ಒಂದು ಮಾತು. ವರದಕ್ಷಿಣೆ ಸಾವಿನ ಕಲಂ, ಹಿಂದಿನ ಭಾರತೀಯ ದಂಡ ಸಂಹಿತೆಯ 304ಬಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 80, ಕೊಲೆಗೂ ಆತ್ಮಹತ್ಯೆಗೂ ಎರಡಕ್ಕೂ ಹೊಂದುತ್ತದೆ. ಅದು ಅದರ ಶಕ್ತಿ. ಅದರಿಂದ ಒಂದು ಸೋಮಾರಿತನವೂ ಬಂದಿದೆ: ಹೇಗೂ ಈ ಕಲಂ ಇದೆಯಲ್ಲ ಎಂದು ಕೊಲೆಯೇ ಎಂಬುದನ್ನು ತನಿಖೆ ಮಾಡುವುದನ್ನೇ ಬಿಡುತ್ತಾರೆ. 2010ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಕೊಲೆಯ ಆರೋಪವನ್ನೂ ಸೇರಿಸಬೇಕೆಂದು ಹೇಳಿತು. 2013ರಲ್ಲಿ, ಅದಕ್ಕೆ ಸಾಕ್ಷ್ಯದ ಆಧಾರ ಇರಬೇಕು, ಕಣ್ಣುಮುಚ್ಚಿ ಸೇರಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಎರಡನ್ನೂ ಒಟ್ಟಿಗೆ ಓದಿ. ಸಾಕ್ಷ್ಯ ಹುಟ್ಟುವುದು ಮೊದಲ ದಿನ, ಆ ಮಂಚದ ಬಳಿ.

ಸಭೆಯಲ್ಲಿ ಒಬ್ಬರು ಚೀಟಿ ಕಳುಹಿಸಿದ್ದಾರೆ: ‘ನಿರಪರಾಧಿ ಅತ್ತೆಮಾವಂದಿರನ್ನು ಸಿಕ್ಕಿಸುವುದೂ ನಡೆಯುತ್ತದಲ್ಲವೇ?’ ನಡೆಯುತ್ತದೆ. ಮಗಳು ತಾನಾಗಿಯೇ ಜೀವ ಕಳೆದುಕೊಂಡಳು ಎಂಬುದನ್ನು ಒಪ್ಪಲಾಗದ ತಂದೆತಾಯಿ ಇರುತ್ತಾರೆ. ಆಕೆ ಒಳಗೊಳಗೇ ಎಷ್ಟು ಕುಸಿದಿದ್ದಳೆಂದು ಅವರಿಗೂ ತಿಳಿದಿರುವುದಿಲ್ಲ. ಹೆರಿಗೆಯ ನಂತರದ ಖಿನ್ನತೆಯಂಥ ಕಾಯಿಲೆಗಳು ನಿಜ. ಇಲ್ಲಿ ಯಾರಾದರೂ ಅಂಥ ಯಾತನೆಯಲ್ಲಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಆದರೆ ಗಂಟನ್ನು ಕಾಯ್ದಿಟ್ಟು, ಫೋಟೊ ತೆಗೆದು, ಅಳತೆ ಹಿಡಿದು ಮಾಡಿದ ತನಿಖೆ ನಿರಪರಾಧಿಯನ್ನೂ ಉಳಿಸುತ್ತದೆ. ತನಿಖೆಯಿಲ್ಲದೆ ಮುಗಿದ ಸಾವಿನ ಮನೆಯವರು ಊರಿನ ಕಣ್ಣಲ್ಲಿ ಜೀವನವಿಡೀ ಸಂಶಯ ಹೊತ್ತೇ ಬದುಕಬೇಕಾಗುತ್ತದೆ.

ಕೊನೆಯದಾಗಿ, ನಿಮ್ಮೂರಿನಲ್ಲಿ ಇಂಥದೊಂದು ಸಾವು ಆದರೆ ಮಾಡಬೇಕಾದದ್ದು. ಅಂತ್ಯಕ್ರಿಯೆಗೆ ಅವಸರ ಮಾಡುತ್ತಿದ್ದರೆ ತಡೆಯಿರಿ, 112ಕ್ಕೆ ಕರೆ ಮಾಡಿ. ಹೂತ ಶವವನ್ನು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆದು ಪರೀಕ್ಷಿಸಬಹುದು, ಸುಟ್ಟ ಮೇಲೆ ಆ ದಾರಿಯಿಲ್ಲ. ಅನುಮಾನವನ್ನು ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ತಹಶೀಲ್ದಾರರಿಗೂ ಕೊಡಿ. ಶವಪರೀಕ್ಷೆಯನ್ನು ವಿಧಿವಿಜ್ಞಾನ ವೈದ್ಯರೇ ಮಾಡಲಿ, ವಿಡಿಯೊ ಆಗಲಿ ಎಂದು ಅದರಲ್ಲೇ ಕೇಳಿ. ಆಕೆಯ ಮೊಬೈಲನ್ನು ಮಹಜರಿನಲ್ಲಿ ತೋರಿಸಿ ಜಪ್ತಿ ಮಾಡಿದರೇ ಎಂದು ನೋಡಿ. ಹತ್ತಿರದ ಅಂಗಡಿಯ ಸಿಸಿ ಕ್ಯಾಮೆರಾದ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತವೆ, ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಮರಣಪತ್ರ ಸಿಕ್ಕಿದೆ ಎಂದರೆ ಆಕೆಯ ಹಳೆಯ ನೋಟ್‌ಬುಕ್‌ಗಳನ್ನು ಹುಡುಕಿ ತೆಗೆದಿಡಿ, ಅಕ್ಷರ ಹೋಲಿಸಲು ಅವು ಬೇಕು. ಠಾಣೆಯವರು ಎಫ್‌ಐಆರ್ ಮಾಡದಿದ್ದರೆ ಎಸ್‌ಪಿಗೆ ಬರೆಯಿರಿ, ಅಲ್ಲಿಯೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 175ನೇ ಕಲಂನಡಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಹಿಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಪೊಲೀಸ್ ಸಹೋದರ ಸಹೋದರಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಎಳೆಯ ಹೆಣ್ಣಿನ ಸಾವಿನ ದೂರು ಬರೆದುಕೊಳ್ಳುವಾಗ ಕಾರಣದ ಜಾಗವನ್ನು ಖಾಲಿ ಬಿಡಿ. ತವರಿನವರು ಬಂದು ತಲುಪಲಿ, ವೈದ್ಯರು ನೋಡಲಿ, ಆಮೇಲೆ ಬರೆಯಿರಿ.